ಬಾಗಿಲ ಕೀಲು, ಮೊಣಕಾಲ ಕೀಲು

ಬಾಗಿಲಿಗೂ ಕೀಲು, ಮೊಣಕಾಲಿಗೂ ಕೀಲು. ಕನ್ನಡವು ಎರಡನ್ನೂ ಒಂದೇ ಮಾತಿನಿಂದ ಕರೆಯುತ್ತದೆ. ನನ್ನ ಬಲಮೊಣಕಾಲಿನ ಸವೆದ ಭಾಗವನ್ನು ತೆಗೆದು ಲೋಹ ಮತ್ತು ಪ್ಲಾಸ್ಟಿಕ್ಕಿನ ಕೀಲನ್ನು ಕೂಡಿಸುವವರೆಗೆ ಈ ಸಾಮ್ಯವನ್ನು ನಾನೂ ನಂಬಿದ್ದೆ.

ಬಾಗಿಲು ಒಂದೇ ಅಚ್ಚಿನ ಸುತ್ತ ತಿರುಗುತ್ತದೆ. ಮೊಣಕಾಲಿನಲ್ಲಿಯಾದರೋ ತೊಡೆಮೂಳೆಯ ದುಂಡನೆಯ ಎರಡು ತುದಿಗಳು ಕೆಳಗಾಲಿನ ಮೂಳೆಯ ಮೇಲೆ ಉರುಳುತ್ತವೆ, ಜಾರುತ್ತವೆ, ತುಸು ತಿರುಗುತ್ತವೆ ಕೂಡ. ಕಾಲು ಮಡಿಸಿದಾಗ ಒಳಬದಿಯ ತುದಿ ಬಹುಮಟ್ಟಿಗೆ ಇದ್ದಲ್ಲಿಯೇ ನಿಲ್ಲುತ್ತದೆ. ಹೊರಬದಿಯದು ಹಿಂದಕ್ಕೆ ಸರಿಯುತ್ತದೆ. ಕೈವಾರದ ಒಂದು ಕಾಲು ಊರಿ ಇನ್ನೊಂದು ಸುತ್ತಿದಂತೆ ಎನ್ನಬಹುದು. ಹೀಗೆ ಹಿಂದೆ ಸರಿಯುವುದರಿಂದಲೇ ಮೂಳೆಗೆ ಮೂಳೆ ತಾಗದೆ ಕಾಲು ಪೂರ್ತಿಯಾಗಿ ಮಡಿಯುತ್ತದೆ.

ಆರಂಭದ ಕೃತಕ ಕೀಲುಗಳು ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. 1951ರಲ್ಲಿ ಸ್ವೀಡನ್ನಿನ ವಾಲ್ಡಿಯಸ್ ಬಳಸಿದ್ದು ಬಾಗಿಲ ಕೀಲಿನಂಥದನ್ನೇ. ತಿರುಚುವ ಬಲಕ್ಕೆ ಅದರಲ್ಲಿ ಎಡೆಯಿರಲಿಲ್ಲ. ಆ ಬಲವೆಲ್ಲ ಕೀಲು ಮೂಳೆಗೆ ಕೂಡಿದ ಕಡೆ ಬಿದ್ದು ಇಂಥ ಕೀಲುಗಳು ಸಡಿಲಗೊಳ್ಳುತ್ತಿದ್ದವು. ಕೆನಡಾದ ಗನ್‌ಸ್ಟನ್ ಇಂಗ್ಲೆಂಡಿನಲ್ಲಿ ರೂಪಿಸಿ 1971ರಲ್ಲಿ ಪ್ರಕಟಿಸಿದ ಕೀಲಿನಲ್ಲಿ ಅಚ್ಚೇ ಇರಲಿಲ್ಲ. ಅರೆಗಾಲಿಯಂಥ ಲೋಹದ ತುಂಡುಗಳು ಪ್ಲಾಸ್ಟಿಕ್ಕಿನ ಹಳಿಗಳ ಮೇಲೆ ಚಲಿಸುತ್ತಿದ್ದವು.

ಆದರೂ ಸಹಜ ಚಲನೆ ಸುಲಭವಾಗಿ ಕೈಗೂಡಲಿಲ್ಲ. 1990ರ ದಶಕದಲ್ಲಿ, ಕೃತಕ ಕೀಲಿರುವವರು ಮೊಣಕಾಲು ಬಾಗಿಸುತ್ತಿರುವಾಗಲೇ ಕ್ಷ-ಕಿರಣದ ಚಲಚ್ಚಿತ್ರ ತೆಗೆದು ನೋಡಿದರು. ಹಿಂದಕ್ಕೆ ಸರಿಯಬೇಕಾದ ತೊಡೆಮೂಳೆ ಹಲವರಲ್ಲಿ ಮುಂದಕ್ಕೆ ಜಾರುತ್ತಿತ್ತು! ಹಾಗಾದಾಗ ಕಾಲು ಮಡಿಯುವುದು ಬೇಗನೆ ತಡೆಯುತ್ತದೆ. ಕುರ್ಚಿಯಿಂದ ಏಳಲು ತೊಡೆಯ ಸ್ನಾಯು ಹೆಚ್ಚು ದುಡಿಯಬೇಕಾಗುತ್ತದೆ. ಆಮೇಲೆ ಒಳಬದಿಯನ್ನು ಬಟ್ಟಲಿನಂತೆ ಆಳವಾಗಿಸಿ, ಹೊರಬದಿಗೆ ಸರಿದಾಡಲು ಬಿಟ್ಟ ಕೀಲುಗಳೂ ಬಳಕೆಗೆ ಬಂದವು.

ಸಮನೆಲದಲ್ಲಿ ನಡೆಯಲು ಮೊಣಕಾಲು ಸುಮಾರು 60ರಿಂದ 70 ಡಿಗ್ರಿ ಬಾಗಿದರೆ ಸಾಕು. ಮೆಟ್ಟಿಲಿಗೆ 80ರಿಂದ 100 ಬೇಕು. ಕುಕ್ಕರಗಾಲಿನಲ್ಲಿ ಕೂರಲು 130ಕ್ಕೂ ಹೆಚ್ಚು. ಚಕ್ಕಳಮಕ್ಕಳ ಹಾಕಿ ಕೂರಲು ಆಳವಾಗಿ ಬಾಗಿದರಷ್ಟೇ ಸಾಲದು, ತಿರುಚಿಕೊಳ್ಳಲೂ ಬೇಕು. ಕೃತಕ ಕೀಲು ಸಾಮಾನ್ಯವಾಗಿ 110-120ರ ಆಸುಪಾಸಿನಲ್ಲಿ ನಿಂತುಬಿಡುತ್ತದೆ. ಶಸ್ತ್ರಚಿಕಿತ್ಸೆಗೆ ಮುನ್ನ ಕಾಲು ಎಷ್ಟು ಬಾಗುತ್ತಿತ್ತು ಎಂಬುದರ ಮೇಲೂ ಇದು ಬಹಳಷ್ಟು ನಿಂತಿದೆ. ಕುರ್ಚಿಯ ಬದುಕಿಗೆ ಇಷ್ಟು ಧಾರಾಳ. ನೆಲದ ಬದುಕಿಗೆ ಸಾಲದು.

ಈಗ ನಾನು ನೋವಿಲ್ಲದೆ ಪೇಟೆಗೆ ನಡೆದುಹೋಗಿ ಬರುತ್ತೇನೆ. ಅದು ಸಣ್ಣ ಲಾಭವಲ್ಲ. ಆದರೆ ಪಂಕ್ತಿಯಲ್ಲಿ ಎಲೆಯ ಮುಂದೆ ಕೂರಲಾರೆ. ಕೃತಕ ಕೀಲು ಎಷ್ಟು ವರ್ಷ ಬಾಳುತ್ತದೆಂದು ಎಲ್ಲರೂ ಕೇಳುತ್ತಾರೆ, ನಾನೂ ಕೇಳಿದ್ದೆ. ಎಷ್ಟು ಬಾಗುತ್ತದೆ ಎಂದು ಕೇಳಬೇಕೆಂಬುದು ಆಗ ಹೊಳೆಯಲಿಲ್ಲ. ನೀವು ಕೇಳಿ.