ಹಗುರ ಗುಂಡು, ಭಾರ ಗುಂಡು

ಕಳೆದ ಬೇಸಿಗೆಯ ರಜೆಯಲ್ಲಿ ಹೈದರಾಬಾದಿನಿಂದ ಸುರಪುರಕ್ಕೆ ಬಂದ ನಮ್ಮ ಮೊಮ್ಮಗನು ತನ್ನ ತೋಳಿಗಿಂತ ಉದ್ದವಾದ ಬಂದೂಕೊಂದನ್ನು ಹೆಗಲ ಮೇಲಿಟ್ಟುಕೊಂಡು ಮನೆಯೊಳಗೆ ಕಾಲಿಟ್ಟನು. ಅದಕ್ಕೆ ಮದ್ದು ಬೇಡ, ಬೆಂಕಿ ಬೇಡ. ಒಳಗಣ ಸ್ಪ್ರಿಂಗನ್ನು ಹಿಂದಕ್ಕೆಳೆದು ಬಿಟ್ಟರೆ ಒತ್ತಿದ ಗಾಳಿಯು ಆರು ಮಿಲಿಮೀಟರು ವ್ಯಾಸದ ಮೂರು ಪ್ಲಾಸ್ಟಿಕ್ ಗುಂಡುಗಳನ್ನು ಒಂದೇ ಸಲಕ್ಕೆ ಹೊರದೂಡುವುದು. ಇದಕ್ಕೆ ಏರ್‌ಸಾಫ್ಟ್ ಶಾಟ್‌ಗನ್ ಎಂದು ಹೆಸರಂತೆ. 1970ರ ದಶಕದಲ್ಲಿ ಜಪಾನಿನಲ್ಲಿ ಹುಟ್ಟಿದ ಆಟವಂತೆ. ಔರಂಗಜೇಬನು 1705ರಲ್ಲಿ ತನ್ನ ಮುಪ್ಪಿನಲ್ಲಿ ಸ್ವತಃ ಬಂದು ಮುತ್ತಿಗೆ ಹಾಕಿದ ವಾಗಣಗೇರಿಯ ಕೋಟೆಯು ನಮ್ಮೂರಿಗೆ ಹತ್ತಿರದಲ್ಲಿಯೇ ಇದೆ. ಬಂದೂಕಿನ ಗುರಿಗೆ ಹೆಸರಾದ ಬೇಡರ ನಾಡಿನಲ್ಲಿ ಹುಟ್ಟಿದವರಾದ ನಮಗೆ ಆ ವಸ್ತುವನ್ನು ಕಂಡು ಕೋಪಕ್ಕಿಂತ ಕುತೂಹಲವೇ ಮೊದಲು ಹುಟ್ಟಿತೆಂದು ಒಪ್ಪಿಕೊಳ್ಳಬೇಕು.

ಮನೆಯಾಕೆಯು ಮಾತ್ರ, "ಮನ್ಯಾಗ ಬಂದೂಕ ಯಾಕ ಬೇಕು?" ಎಂದು ಗದರಿದಳು. ಹುಡುಗನು, "ಅಜ್ಜಾ, ಗುಂಡು ಭಾಳ ಹಗುರ ಅದಾವು, ಏನೂ ಆಗಂಗಿಲ್ಲ" ಎಂದನು. ಯಾವುದೋ ಜಾತ್ರೆಯಲ್ಲಿ ಕೊಂಡ ಹಳದಿ ಗುಂಡುಗಳ ಚೀಲವೊಂದು ಅವನಲ್ಲಿತ್ತು. ಒಂದನ್ನು ಅಂಗೈಯಲ್ಲಿಟ್ಟು ನೋಡಿದೆವು. ಇದೆಯೋ ಇಲ್ಲವೋ ಎಂಬಷ್ಟು ಲಘು. "ಆಡಲಿ ಬಿಡು" ಎಂದು ಅಪ್ಪಣೆ ಕೊಟ್ಟವರು ನಾವೇ.

ಮೂರನೆಯ ದಿನ ಪಡಸಾಲೆಯಲ್ಲಿ ಹಾರಿಸಿದ ಗುಂಡೊಂದು ಕಲ್ಲುಕಂಬಕ್ಕೆ ತಾಗಿ ಸಿಡಿದು, ಬಾಗಿಲ ಬಳಿ ನಿಂತಿದ್ದ ನೆರೆಮನೆಯ ಹುಡುಗಿಯ ಎಡಗಣ್ಣಿಗೆ ಬಡಿಯಿತು. ಹೊರಗೆ ಗಾಯವಿಲ್ಲ; ಆದರೆ ಕರಿಗುಡ್ಡೆಯ ಮುಂದೆ ಒಳಗೇ ರಕ್ತವು ಇಳಿದು ತೆಳ್ಳನೆಯ ಗೆರೆಯಾಗಿ ನಿಂತಿತ್ತು. ಕಣ್ಣಿನ ವೈದ್ಯರು ತಲೆಯನ್ನೆತ್ತರಕ್ಕಿಟ್ಟು ಮಲಗಿಸಿ, ಓಡಾಟವನ್ನು ನಿಲ್ಲಿಸಿ, ಹನಿಮದ್ದು ಕೊಟ್ಟರು. ರಕ್ತವು ಕರಗಿ ದೃಷ್ಟಿಯು ಮರಳಿತು. ಆದರೂ ಇಂಥ ಪೆಟ್ಟು ಬಿದ್ದ ಕಣ್ಣಿನಲ್ಲಿ ವರ್ಷಗಳ ಬಳಿಕ ಒತ್ತಡವೇರಬಹುದಾದುದರಿಂದ ಪ್ರತಿವರ್ಷವೂ ಪರೀಕ್ಷಿಸುತ್ತಿರಬೇಕೆಂದು ಹೇಳಿದರು. ಆ ಮಗುವಿನ ತಾಯಿಯು ನಮಗೆ ಒಂದು ಮಾತನ್ನೂ ಆಡಲಿಲ್ಲ. ಆಡಿದ್ದರೆ ಮೇಲಾಗುತ್ತಿತ್ತು.

ಛಂದಸ್ಸಿನಲ್ಲಿ ಗುರುಲಘುಗಳನ್ನು ಮೂವತ್ತು ವರ್ಷ ಪಾಠ ಹೇಳಿದ ನಾವು ಒಂದು ಗುಂಡಿನ ಗುರುಲಘುವನ್ನು ಅರಿಯದೆ ಹೋದೆವಲ್ಲ ಎಂಬ ಕೊರಗು ಹತ್ತಿತು. ಅಳಿಯನು ತರುವಾಯ ಕಳುಹಿಸಿದ ಎರಡು ಡಬ್ಬಿಗಳನ್ನೂ ಜಾತ್ರೆಯ ಚೀಲವನ್ನೂ ಹಿಡಿದು ಪತ್ತಾರರ ಅಂಗಡಿಗೆ ಹೋದೆವು. "ಇದು ಯಾವೂರ ಮುತ್ತು, ಮಾಸ್ತರ?" ಎಂದು ಪತ್ತಾರನು ನಕ್ಕನು. ಒಂದೊಂದಾಗಿ ತೂಗಿದರೆ ಕಣ್ಣಿಗೆ ಮೋಸವಾದೀತೆಂದು ನೂರು ನೂರು ಎಣಿಸಿ ತೂಗಿದೆವು. ಜಾತ್ರೆಯವು 12 ಗ್ರಾಂ, ಡಬ್ಬಿಯವು ಒಂದು 20, ಇನ್ನೊಂದು 25. ಎಂದರೆ ಒಂದಕ್ಕೆ 0.12, 0.20, 0.25 ಗ್ರಾಂ. ಜಾತ್ರೆಯ ಗುಂಡುಗಳಲ್ಲಿ ನಡುವೆ ಅಂಟಿಸಿದ ಗೆರೆಯೂ ಕೆಲವು ಒಡೆದ ಅಂಚೂ ಪತ್ತಾರನ ಭೂತಗನ್ನಡಿಯಲ್ಲಿ ಕಂಡವು.

ಇನ್ನು ಲೆಕ್ಕ. ಸ್ಪ್ರಿಂಗಿನ ಶಕ್ತಿಯು ಒಂದೇ ಆಗಿರುವಾಗ ಗುಂಡು ಹಗುರವಾದಷ್ಟೂ ವೇಗವು ಹೆಚ್ಚುವುದು. ಒಂದು ಜೂಲ್ ಶಕ್ತಿಯನ್ನು ಪಡೆದ 0.12 ಗ್ರಾಮಿನ ಗುಂಡು ಸೆಕೆಂಡಿಗೆ ಸುಮಾರು 129 ಮೀಟರು ಹೋಗುವುದು, 0.20ರದು 100 ಮೀಟರು, 0.30ರದು ಸುಮಾರು 82. (ಜಪಾನಿನವರು 2006ರ ಕಾನೂನಿನಿಂದ ಇಂಥ ಬಂದೂಕಿಗೆ 0.98 ಜೂಲ್ ಎಂದು ಮಿತಿ ಹಾಕಿದ್ದಾರೆ.) ಆದುದರಿಂದ ಕೊಳವೆಯ ಬಾಯಲ್ಲಿ ಹಗುರ ಗುಂಡಿನ ಪೆಟ್ಟೂ ಭಾರ ಗುಂಡಿನ ಪೆಟ್ಟೂ ಶಕ್ತಿಯಲ್ಲಿ ಸಮಾನವೇ. ಹಗುರವೆಂದರೆ ಮೃದುವೆಂದು ನಾವು ತಿಳಿದುದು ಇಲ್ಲಿಯೇ ತಪ್ಪಿತು. ವ್ಯತ್ಯಾಸವು ಬರುವುದು ದೂರದಲ್ಲಿ. ವಾಯುವಿನ ಅಡ್ಡಿಯಿಂದ ವೇಗವು ಅರ್ಧಕ್ಕಿಳಿಯಲು 0.12ರ ಗುಂಡಿಗೆ ಸುಮಾರು 11 ಮೀಟರು ಸಾಕು, 0.20ಕ್ಕೆ 18, 0.30ಕ್ಕೆ 27 ಮೀಟರು ಬೇಕು. ವೇಗವು ಅರ್ಧವಾದರೆ ಶಕ್ತಿಯು ಕಾಲುಭಾಗವಾಗುವುದು. ನಮ್ಮ ಪಡಸಾಲೆಯಲ್ಲಿ ಆ ಹುಡುಗಿಗೂ ಬಂದೂಕಿಗೂ ಮೂರು ಮೀಟರೂ ಇರಲಿಲ್ಲ.

ಹೊಲದ ಜನಕ್ಕೆ ಈ ತತ್ತ್ವವು ಹೊಸದಲ್ಲ. ನಮ್ಮ ಬಾಲ್ಯದಲ್ಲಿ ಜೋಳವು ಹಾಲುಗಾಳಾದೊಡನೆ ಅಟ್ಟದ ಮೇಲೆ ನಿಂತು ಕವಣೆಯಿಂದ ಗಿಳಿಗಳನ್ನು ಹೊಡೆದಟ್ಟುತ್ತಿದ್ದೆವು. ದೂರದ ಬದುವಿಗೆ ನಿಂಬೆಹಣ್ಣಿನಷ್ಟು ದಪ್ಪನೆಯ ದುಂಡುಗಲ್ಲು. ಹತ್ತಿರದ ಸಾಲಿಗೆ ಮಣ್ಣಿನ ಹೆಂಟೆ. ಹೆಂಟೆಯು ತಾಗಿದಲ್ಲಿಯೇ ಪುಡಿಯಾಗುವುದು, ಹಾಯ್ದು ಹೋಗಿ ಯಾರ ತಲೆಯನ್ನೂ ಒಡೆಯದು. ಹಗುರ ಬೆಣಚನ್ನು ಎಸೆದವನನ್ನು ಹಿರಿಯರು ಬೈಯುತ್ತಿದ್ದರು, ಅದು ಗಾಳಿಗೆ ಎಲ್ಲಿ ಹೋದೀತೆಂದು ಹೇಳಲಾಗದು. ಈ ಕವಣೆಗೆ ಸಂಸ್ಕೃತದಲ್ಲಿ ಗೋಫಣಾ ಎಂದು ಹೆಸರು. ಸುಶ್ರುತನು ಹೇಳುವ ಹದಿನಾಲ್ಕು ಬಗೆಯ ಗಾಯಪಟ್ಟಿಗಳಲ್ಲಿ ಒಂದಕ್ಕೂ ಇದೇ ಹೆಸರಿರುವುದು ನಮಗೆ ಎಂದಿನಿಂದಲೂ ವಿನೋದವೆನಿಸಿದೆ: ಹೊಡೆಯುವುದೂ ಅದೇ, ಕಟ್ಟುವುದೂ ಅದೇ. ನಾರಾಯಣಪುರದ ಎಡದಂಡೆ ಕಾಲುವೆ ಬಂದ ಮೇಲೆ ನೀರು ಹರಿದಲ್ಲೆಲ್ಲ ಜೋಳದ ಜಾಗದಲ್ಲಿ ಬತ್ತ ನಿಂತಿದೆ. ಕವಣೆ ಹಿಡಿಯಬಲ್ಲ ಹುಡುಗರು ವಿರಳ.

ಮುಂಗಾರಿನ ಮುಂಚಿನ ಗಾಳಿ ಎದ್ದ ಒಂದು ಸಂಜೆ ಶಹಾಪುರದ ಕಡೆಯಲ್ಲಿರುವ ನಮ್ಮ ಬೀಗರ ಬರಿಹೊಲಕ್ಕೆ ಹೋಗಿ, ಇಪ್ಪತ್ತು ಮೀಟರು ಅಳೆದು, ಗೂಟಕ್ಕೆ ಮೊರವನ್ನು ಕಟ್ಟಿ ಪರೀಕ್ಷಿಸಿದೆವು. ಅಡ್ಡಗಾಳಿಗೆ 0.12ರ ಗುಂಡುಗಳು ಒಂದೂವರೆ ಮೊಳ ಪಕ್ಕಕ್ಕೆ ಹೋದವು, ಕೆಲವು ಮೇಲಕ್ಕೇರಿ ಕಣ್ಮರೆಯಾದವು. ಕೊಳವೆಯೊಳಗಣ ರಬ್ಬರು ಗುಂಡಿಗೆ ಕೊಡುವ ಹಿಮ್ಮುಖದ ಸುತ್ತು ಅತಿ ಹಗುರವಾದುದನ್ನು ಎತ್ತಿಬಿಡುವುದು. 0.20ರವು ಒಂದು ಮೊಳ ತಪ್ಪಿದವು. 0.25ರವು ಅದಕ್ಕೂ ಕಡಿಮೆ. ಮೊರಕ್ಕೆ ಟಪ್ಪೆಂದು ಬಡಿದವು ಅವೇ. 0.30ಕ್ಕಿಂತ ಮೇಲೇರುವುದು ಈ ಬಗೆಯ ಬಂದೂಕಿಗೆ ಸಲ್ಲದೆಂದು ನಮ್ಮ ಅಭಿಪ್ರಾಯ. ಒಂದೇ ಸ್ಪ್ರಿಂಗಿನ ಬಲವನ್ನು ಮೂರು ಗುಂಡುಗಳು ಹಂಚಿಕೊಳ್ಳಬೇಕಾದುದರಿಂದ ಅತಿ ಭಾರವಾದುದು ಬೇಗನೆ ನೆಲಕ್ಕೆ ಬಾಗುವುದು.

ಆದ್ದರಿಂದ ಬಯಲಿಗೆ 0.25 ಅಥವಾ 0.28. ಹೊಲದಲ್ಲಾದರೆ ಮಣ್ಣಿನಲ್ಲಿ ಕರಗುವ ಬಗೆಯ ಗುಂಡನ್ನೇ ಕೊಳ್ಳಬೇಕು. ಎರೆಭೂಮಿಯಲ್ಲಿ ಪ್ಲಾಸ್ಟಿಕ್ ಬಿತ್ತುವುದು ಪಾಪ. ಅವು ತೇವಕ್ಕೆ ಉಬ್ಬುವುದರಿಂದ ಡಬ್ಬಿಯನ್ನು ಬಿಗಿಯಾಗಿ ಮುಚ್ಚಿಡಬೇಕು. ಮನೆಯೊಳಗೆ ಗಾಳಿಯ ಭಯವಿಲ್ಲದುದರಿಂದ 0.20 ಸಾಕು, ತಪ್ಪಿ ಹೊರಬಿದ್ದರೂ ಭಾರದ್ದಕ್ಕಿಂತ ಬೇಗ ಸೋಲುವುದು. 0.12 ಇನ್ನೂ ಬೇಗ ಸೋಲುವುದಾದರೂ ಅದನ್ನು ಬೇಡವೆನ್ನುತ್ತೇವೆ. ಜಾತ್ರೆಯ ಅಗ್ಗದ ಗುಂಡು ಕಲ್ಲಿಗೆ ತಾಗಿ ಚೂರಾಗುವುದು, ಚೂರಿಗೆ ಅಂಚಿರುವುದು. ಗುರಿಯ ಹಿಂದೆ ಕಂಬಳಿಯನ್ನೋ ಜಮಖಾನವನ್ನೋ ಸಡಿಲವಾಗಿ ಇಳಿಬಿಟ್ಟರೆ ಗುಂಡು ಅಲ್ಲಿಯೇ ಸತ್ತು ಬೀಳುವುದು; ನಮ್ಮ ಕಡೆಯ ಕಲ್ಲುಗೋಡೆಗೂ ಪರಸಿಯ ನೆಲಕ್ಕೂ ಬಡಿದರೆ ಮರಳಿ ಬರುವುದು. ನೆಲಕ್ಕೆ ಬಿದ್ದುದನ್ನು ಮತ್ತೆ ತುಂಬಬಾರದು, ಮರಳು ಸೇರಿ ಕೊಳವೆ ಗೀಚುವುದು. ನಮ್ಮವನು ಜೋಳದ ಕಾಳನ್ನು ತುಂಬಿ ಒಂದು ಇಡೀ ಮಧ್ಯಾಹ್ನ ಕಡ್ಡಿಯಿಂದ ಕೆದಕುತ್ತ ಕುಳಿತಿದ್ದನು.

ಕಣ್ಣಿನ ಮಾತು ತೂಕದ ಮಾತಿಗಿಂತ ಮುಂದು. ಓದುವ ಕನ್ನಡಕವು ರಕ್ಷಣೆಯಲ್ಲ. ಪಕ್ಕಗಳೂ ಮುಚ್ಚುವ ಪಾಲಿಕಾರ್ಬೊನೇಟಿನ ಕಣ್ಗಾಪು ಬೇಕು; ಹೊಡೆಯುವವನಿಗೆ ಮಾತ್ರವಲ್ಲ, ಅಲ್ಲಿ ಇರುವವರಿಗೆಲ್ಲ. ಮಕ್ಕಳ ಆಟಿಕೆಗೆ 2021ರ ಜನವರಿ 1ರಿಂದ ನಮ್ಮ ದೇಶದಲ್ಲಿ ಐಎಸ್‌ಐ ಮುದ್ರೆಯು ಕಡ್ಡಾಯ. ಜಾತ್ರೆಯಲ್ಲಿ ಕೊಳ್ಳುವಾಗ ತಾಯಂದಿರು ಆ ಮುದ್ರೆಯನ್ನು ಹುಡುಕಲಿ.

ಬಂದೂಕು ಈಗ ಮನೆಯಾಕೆಯ ಪೆಟ್ಟಿಗೆಯಲ್ಲಿದೆ, ಬೀಗದ ಕೈ ಅವಳ ಸೊಂಟದಲ್ಲಿದೆ. ದೀಪಾವಳಿಗೆ ಮೊಮ್ಮಗನು ಬಂದಾಗ ಒಮ್ಮೆ ಹೊರತೆಗೆದೆವು. ನೆರೆಮನೆಯ ಹುಡುಗಿಯು ಕಣ್ಗಾಪು ತೊಟ್ಟು, ನಮ್ಮ ಪಕ್ಕದಲ್ಲಿ ಕುಳಿತು, ಗುಂಡುಗಳನ್ನು ನೂರು ನೂರಾಗಿ ಎಣಿಸಿ ಕೊಟ್ಟಳು. ಒಂದು ನೂರರಲ್ಲಿ ತೊಂಬತ್ತೊಂಬತ್ತೇ ಇದ್ದುವು. "ಒಂದು ಕಡಿಮಿ ಆತಲ್ಲೋ ತಮ್ಮಾ" ಎಂದು ನಾವು ಮೊಮ್ಮಗನನ್ನು ಗದರಿದಾಗ ಅವಳು ಮುಷ್ಟಿ ಬಿಚ್ಚಿ ತೋರಿಸಿ ನಕ್ಕಳು.