ಕಾರಿನ ಎತ್ತರ ಬದಲಿಸುವ ಮುನ್ನ

ಹಳ್ಳ ದಿಣ್ಣೆಗಳ ದಾರಿಯಲ್ಲಿ ಎತ್ತಿನಗಾಡಿ ಸಾಗುವಾಗ ಪ್ರತಿ ಕಲ್ಲಿನ ಪೆಟ್ಟೂ ಕುಳಿತವರ ಬೆನ್ನಿಗೆ ತಾಗುತ್ತದೆ. ಅದೇ ದಾರಿಯಲ್ಲಿ ಕಾರು ಹೋದರೆ ಗಾಲಿಗಳು ಮೇಲೆ ಕೆಳಗೆ ಕುಣಿಯುತ್ತವೆ. ಒಳಗಿನವರಿಗೆ ಮಾತ್ರ ಅಷ್ಟು ಕುಲುಕಾಟವಿಲ್ಲ. ಗಾಲಿಗೂ ಕಾರಿನ ಒಡಲಿಗೂ ನಡುವೆ ಇರುವ ಸಸ್ಪೆನ್ಷನ್ ವ್ಯವಸ್ಥೆಯೇ ಇದಕ್ಕೆ ಕಾರಣ.

ಕಾರುಗಳ ಹವ್ಯಾಸವುಳ್ಳ ಕೆಲವರು ಕಂಪನಿಯಿಂದ ಬಂದ ಸಸ್ಪೆನ್ಷನ್ನನ್ನು ತೆಗೆದು, ಎತ್ತರವನ್ನೂ ಬಿಗಿಯನ್ನೂ ಬೇಕಾದಂತೆ ಹೊಂದಿಸಬಹುದಾದ ಬೇರೊಂದನ್ನು ಮನೆಯಲ್ಲೇ ಜೋಡಿಸುತ್ತಾರೆ. ಇದನ್ನು ‘ಕಾಯಿಲ್‌ಓವರ್’ ಎಂದು ಕರೆಯುತ್ತಾರೆ. ನೋಡುವುದಕ್ಕೆ ಇದು ಕೆಲವೇ ಬೋಲ್ಟುಗಳ ಕೆಲಸ. ಆದರೆ ಅದರ ಹಿಂದಿನ ಭೌತಶಾಸ್ತ್ರವನ್ನು ಅರಿಯದೆ ಸ್ಪ್ಯಾನರ್ ಹಿಡಿದರೆ ಕಾರಿಗೂ ಕೆಡುಕು, ಕೈಗೂ ಅಪಾಯ. ಹೇಗೆಂಬುದನ್ನು ನೋಡೋಣ.

ಎರಡು ಅಂಗ, ಎರಡು ಕೆಲಸ

ಸಸ್ಪೆನ್ಷನ್ನಿನಲ್ಲಿ ಮುಖ್ಯವಾಗಿ ಎರಡು ಅಂಗಗಳಿವೆ. ಒಂದು ಸ್ಪ್ರಿಂಗ್. ಇದು ಕಾರಿನ ಭಾರವನ್ನು ಹೊರುತ್ತದೆ. ಗಾಲಿ ಉಬ್ಬನ್ನು ಹತ್ತಿದಾಗ ಕುಗ್ಗಿ ಶಕ್ತಿಯನ್ನು ತನ್ನಲ್ಲಿ ಕೂಡಿಡುತ್ತದೆ. ಇನ್ನೊಂದು ಶಾಕ್ ಅಬ್ಸಾರ್ಬರ್. ಅದರೊಳಗಿನ ಎಣ್ಣೆ ಸಣ್ಣ ರಂಧ್ರಗಳ ಮೂಲಕ ನುಗ್ಗುವಾಗ ಚಲನೆಯ ಶಕ್ತಿ ಶಾಖವಾಗಿ ಮಾರ್ಪಡುತ್ತದೆ. ಸ್ಪ್ರಿಂಗ್ ಒಂದೇ ಇದ್ದರೆ ಕಾರು ಉಯ್ಯಾಲೆಯಂತೆ ಬಹಳ ಹೊತ್ತು ತೂಗುತ್ತಿತ್ತು. ಅನೇಕ ಕಾರುಗಳ ಮುಂಭಾಗದಲ್ಲಿ ಇವೆರಡೂ ಒಂದೇ ಕಂಬದಂತೆ ಸೇರಿರುತ್ತವೆ. ಇದಕ್ಕೆ ಅಮೆರಿಕದ ಎಂಜಿನಿಯರ್ ಅರ್ಲ್ ಮ್ಯಾಕ್‌ಫರ್ಸನ್ ಅವರ ಹೆಸರಿನಲ್ಲಿ ‘ಮ್ಯಾಕ್‌ಫರ್ಸನ್ ಸ್ಟ್ರಟ್’ ಎನ್ನುತ್ತಾರೆ. 1983ರಲ್ಲಿ ನಮ್ಮ ರಸ್ತೆಗಿಳಿದ ಮಾರುತಿ 800ರ ಮುಂದಿನ ಗಾಲಿಗಳಿಗೂ ಇದೇ ಏರ್ಪಾಡು ಇತ್ತು.

ರಾಬರ್ಟ್ ಹುಕ್ 1678ರಲ್ಲಿ ಪ್ರಕಟಿಸಿದ ನಿಯಮ ನಿಮಗೆ ಗೊತ್ತು: ಸ್ಪ್ರಿಂಗ್ ಕುಗ್ಗುವ ಪ್ರಮಾಣ ಅದರ ಮೇಲಿನ ಬಲಕ್ಕೆ ಅನುಪಾತದಲ್ಲಿರುತ್ತದೆ. ಒಂದು ಸ್ಪ್ರಿಂಗನ್ನು 1 ಮಿ.ಮೀ. ಕುಗ್ಗಿಸಲು 30 ನ್ಯೂಟನ್ ಬಲ ಬೇಕು ಎನ್ನೋಣ. ಅದರ ಮೇಲೆ ಸುಮಾರು 300 ಕೆ.ಜಿ. ಭಾರ, ಅಂದರೆ 3000 ನ್ಯೂಟನ್ ಬಲ ಬಿದ್ದರೆ ಅದು 100 ಮಿ.ಮೀ. ಕುಗ್ಗುತ್ತದೆ. ಆಗ ಅದರಲ್ಲಿ ಅಡಗಿರುವ ಶಕ್ತಿ 150 ಜೌಲ್. 15 ಕೆ.ಜಿ. ತೂಕದ ಕಲ್ಲೊಂದು ಒಂದು ಮೀಟರ್ ಎತ್ತರದಿಂದ ಬಿದ್ದರೆ ಎಷ್ಟು ಪೆಟ್ಟೋ ಅಷ್ಟು! ಈ ಲೆಕ್ಕವನ್ನು ನೆನಪಿನಲ್ಲಿಡಿ.

ಉಂಗುರ ತಿರುಗಿಸಿದರೆ ಏನಾಗುತ್ತದೆ?

ಕಾಯಿಲ್‌ಓವರಿನ ಮೈಮೇಲೆ ಸ್ಕ್ರೂವಿನಂತೆ ಮರೆ ಕೊರೆದಿರುತ್ತದೆ. ಸ್ಪ್ರಿಂಗಿನ ಬುಡ ಅದರ ಮೇಲಿನ ಒಂದು ಉಂಗುರದ ಮೇಲೆ ಕೂತಿರುತ್ತದೆ. ಉಂಗುರವನ್ನು ಬಿಗಿಮಾಡಿದರೆ ಸ್ಪ್ರಿಂಗ್ ಗಟ್ಟಿಯಾಗುತ್ತದೆಂದು ಹಲವರು ತಿಳಿಯುತ್ತಾರೆ. ಸಾಮಾನ್ಯ ಸ್ಪ್ರಿಂಗಿನಲ್ಲಿ ಇದು ಸರಿಯಲ್ಲ. ಕಾರಿನ ಭಾರ ಬದಲಾಗಿಲ್ಲ. ಆದ್ದರಿಂದ ಸ್ಪ್ರಿಂಗ್ ಮೊದಲಿನಷ್ಟೇ ಕುಗ್ಗಿ ನಿಲ್ಲುತ್ತದೆ. ಉಂಗುರ 10 ಮಿ.ಮೀ. ಮೇಲೆ ಹೋದರೆ ಕಾರು ಹೆಚ್ಚುಕಡಿಮೆ ಅಷ್ಟೇ ಮೇಲೇಳುತ್ತದೆ, ಕೆಳಗೆ ಬಂದರೆ ಅಷ್ಟೇ ತಗ್ಗುತ್ತದೆ. ಕುಲುಕಾಟದ ಬಿಗಿಯನ್ನು ಬದಲಿಸುವುದು ಬೇರೆಯೇ ಒಂದು ಗುಬುಟು. ಅದು ಎಣ್ಣೆ ಹರಿಯುವ ದಾರಿಯನ್ನು ಕಿರಿದು ಅಥವಾ ಅಗಲ ಮಾಡುತ್ತದೆ.

ಜೋಡಣೆಯ ಕ್ರಮ

ಮೊದಲು ಸಮತಟ್ಟಾದ ಗಟ್ಟಿ ನೆಲ ಬೇಕು. ಹಿಂದಿನ ಗಾಲಿಗಳಿಗೆ ಅಡ್ಡವಾಗಿ ಕಟ್ಟಿಗೆ ಇಟ್ಟು, ಹ್ಯಾಂಡ್‌ಬ್ರೇಕ್ ಹಾಕಿ, ಮುಂದಿನ ಗಾಲಿಗಳು ನೆಲದ ಮೇಲಿರುವಾಗಲೇ ಅವುಗಳ ನಟ್ಟುಗಳನ್ನು ತುಸು ಸಡಿಲಿಸಬೇಕು. ನಂತರ ಜಾಕ್‌ನಿಂದ ಎತ್ತಿ, ಕಾರಿನ ಕೆಳಗೆ ಉಕ್ಕಿನ ಸ್ಟ್ಯಾಂಡುಗಳನ್ನು ಇಡಬೇಕು. ಜಾಕ್ ಎತ್ತುವುದಕ್ಕೆ ಮಾತ್ರ, ಹೊತ್ತು ನಿಲ್ಲುವುದಕ್ಕಲ್ಲ. ಜಾಕ್ ಒಂದನ್ನೇ ನಂಬಿ ಕಾರಿನಡಿ ತಲೆ ಹಾಕಿದವರು ಪ್ರಾಣವನ್ನೇ ಕಳೆದುಕೊಂಡಿದ್ದಾರೆ.

ಗಾಲಿ ತೆಗೆದ ಮೇಲೆ ಸ್ಟ್ರಟ್ಟಿಗೆ ಸಿಕ್ಕಿಸಿರುವ ಬ್ರೇಕ್ ಪೈಪು ಮತ್ತು ವೈರುಗಳನ್ನು ಬಿಡಿಸಬೇಕು. ಕೆಳಗಿನ ಬೋಲ್ಟುಗಳನ್ನು ಕಳಚಿದಾಗ ಬ್ರೇಕಿನ ಭಾರವೆಲ್ಲ ಆ ರಬ್ಬರ್ ಪೈಪಿನ ಮೇಲೆ ಜೋತುಬೀಳದಂತೆ ತಂತಿಯಿಂದ ಕಟ್ಟಬೇಕು. ಬಾನೆಟ್ ತೆರೆದರೆ ಸ್ಟ್ರಟ್ಟಿನ ತಲೆಯ ಸುತ್ತ ಸಾಮಾನ್ಯವಾಗಿ ಎರಡು ಮೂರು ನಟ್ಟುಗಳು ಕಾಣುತ್ತವೆ. ಅವನ್ನು ಬಿಚ್ಚಿದರೆ ಇಡೀ ಸ್ಟ್ರಟ್ ಹೊರಬರುತ್ತದೆ.

ನಡುವಿನ ದೊಡ್ಡ ನಟ್ಟನ್ನು ಮಾತ್ರ ಮುಟ್ಟಬಾರದು! ಹೊರತೆಗೆದ ಸ್ಟ್ರಟ್ಟಿನಲ್ಲೂ ಸ್ಪ್ರಿಂಗ್ ಒತ್ತಡದಲ್ಲೇ ಇರುತ್ತದೆ. ಅದನ್ನು ಹಿಡಿದಿಟ್ಟಿರುವುದೇ ಈ ನಟ್ಟು. ಹಳೆಯ ಸ್ಟ್ರಟ್ಟಿನ ಮೇಲ್ತಲೆಯನ್ನು ಹೊಸದಕ್ಕೆ ಬಳಸಬೇಕಾದರೆ, ಸ್ಪ್ರಿಂಗ್ ಕಂಪ್ರೆಸರ್ ಎಂಬ ಸಲಕರಣೆಯಿಂದ ಎರಡೂ ಬದಿಯಲ್ಲಿ ಸಮನಾಗಿ ಅದುಮಿ, ಸ್ಪ್ರಿಂಗ್ ತನ್ನ ಪೀಠದಲ್ಲಿ ಸಡಿಲವಾದ ಮೇಲೆಯೇ ನಟ್ಟನ್ನು ತೆಗೆಯಬೇಕು. ಮೇಲೆ ಹೇಳಿದ ಜೌಲುಗಳ ಲೆಕ್ಕ ನೆನಪಾಯಿತೇ? ಅಷ್ಟು ಶಕ್ತಿ ಒಮ್ಮೆಲೇ ಚಿಮ್ಮಿದರೆ ಮೂಳೆ ಮುರಿಯಲು ಸಾಕು. ಈ ಭಾಗವನ್ನು ನುರಿತ ಮೆಕ್ಯಾನಿಕ್ಕಿನ ಕೈಗೆ ಒಪ್ಪಿಸುವುದೇ ಜಾಣತನ.

ಹೊಸದನ್ನು ಕೂರಿಸಿದ ಬಳಿಕ ಪ್ರತಿ ಬೋಲ್ಟನ್ನೂ ತಯಾರಕರು ಸೂಚಿಸಿದ ಬಿಗಿಗೆ ಟಾರ್ಕ್ ರೆಂಚ್‌ನಿಂದ ಬಿಗಿಯಬೇಕು. ಎಡಬಲಗಳ ಎತ್ತರವನ್ನು ಟೇಪಿನಿಂದ ಅಳೆದು ಸರಿದೂಗಿಸಬೇಕು. ಎತ್ತರ ಬದಲಾದರೆ ಗಾಲಿಗಳ ಓರೆಯೂ ಬದಲಾಗುತ್ತದೆ. ಆದ್ದರಿಂದ ವೀಲ್ ಅಲೈನ್‌ಮೆಂಟ್ ಮಾಡಿಸದಿದ್ದರೆ ಟೈರುಗಳು ಒಂದೇ ಕಡೆ ಸವೆಯುತ್ತವೆ.

ತಗ್ಗಿದಷ್ಟೂ ಲಾಭವೇ?

ಕಾರು ತಗ್ಗಿದರೆ ಅದರ ಗುರುತ್ವಕೇಂದ್ರ ಕೆಳಗಿಳಿಯುತ್ತದೆ, ತಿರುವುಗಳಲ್ಲಿ ವಾಲುವುದು ಕಡಿಮೆಯಾಗುತ್ತದೆ. ಇದು ನಿಜ. ಆದರೆ ಗಾಲಿ ಮೇಲೇಳಲು ಉಳಿಯುವ ಜಾಗವೂ ಅಷ್ಟೇ ಕಡಿಮೆಯಾಗುತ್ತದೆ. ಇಂಡಿಯನ್ ರೋಡ್ಸ್ ಕಾಂಗ್ರೆಸ್ 1988ರಲ್ಲಿ ಸೂಚಿಸಿದ ರಸ್ತೆಯುಬ್ಬು 10 ಸೆಂ.ಮೀ. ಎತ್ತರ, 3.7 ಮೀ. ಅಗಲ. ಇಷ್ಟು ಅಗಲವಿದ್ದರೆ ಕಾರು ನಯವಾಗಿ ಏರಿ ಇಳಿಯುತ್ತದೆ. ನಮ್ಮ ಬೀದಿಗಳಲ್ಲಿ ಅದೇ ಎತ್ತರದ, ಆದರೆ ಬಹಳ ಕಿರಿದಾದ ಉಬ್ಬುಗಳೂ ಇವೆ. ಅವು ಮುಂದಿನ ಹಿಂದಿನ ಗಾಲಿಗಳ ನಡುವೆ ಪೂರ್ತಿಯಾಗಿ ಕೂರುತ್ತವೆ. ನೆಲದಿಂದ 16.5 ಸೆಂ.ಮೀ. ಮೇಲಿದ್ದ ಕಾರನ್ನು 4 ಸೆಂ.ಮೀ. ತಗ್ಗಿಸಿದಿರಿ, ನಾಲ್ವರು ಕುಳಿತಾಗ ಮತ್ತೆ 3 ಸೆಂ.ಮೀ. ತಗ್ಗಿತು ಎನ್ನಿ. ಉಳಿದದ್ದು 9.5 ಸೆಂ.ಮೀ. ಕಾರಿನ ಹೊಟ್ಟೆ ಉಬ್ಬಿಗೆ ಉಜ್ಜದೆ ಇದ್ದೀತೇ?

ಕಾನೂನಿನ ಮಾತೂ ಇದೆ. ಜರ್ಮನಿಯಲ್ಲಿ ಇಂಥ ಬದಲಾವಣೆಗೆ ಅನುಮೋದಿತ ಭಾಗಗಳೇ ಬೇಕು. ಬಹಳಷ್ಟು ಸಂದರ್ಭಗಳಲ್ಲಿ ತಜ್ಞರ ತಪಾಸಣೆಯೂ ಆಗಬೇಕು. ನಮ್ಮಲ್ಲಿ 1988ರ ಮೋಟಾರು ವಾಹನ ಕಾಯಿದೆಯ 52ನೆಯ ಸೆಕ್ಷನ್ ವಾಹನಗಳ ಮಾರ್ಪಾಡಿಗೆ ಮಿತಿ ಹಾಕಿದೆ. ತಯಾರಕರ ಮೂಲ ವಿವರಗಳಿಗೆ ವಿರುದ್ಧವಾಗಿ ವಾಹನವನ್ನು ಬದಲಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ತೀರ್ಪಿತ್ತಿದೆ. ಹಾಗಾಗಿ ಭಾಗಗಳನ್ನು ಕೊಳ್ಳುವ ಮುನ್ನವೇ ಸಾರಿಗೆ ಕಚೇರಿಯಲ್ಲಿ ವಿಚಾರಿಸುವುದು ಅಗತ್ಯ.

ಒಂದು ಚಿಕ್ಕ ಪ್ರಯೋಗವನ್ನು ಮಾತ್ರ ನೀವು ಇಂದೇ, ಏನನ್ನೂ ಬಿಚ್ಚದೆ ಮಾಡಬಹುದು. ಮನೆಯವರ ಅಥವಾ ನೆರೆಯವರ ಒಪ್ಪಿಗೆ ಪಡೆದು, ನಿಂತ ಕಾರಿನ ಒಂದು ಮೂಲೆಯನ್ನು ಎರಡೂ ಕೈಗಳಿಂದ ಜೋರಾಗಿ ಒತ್ತಿ ಬಿಡಿ. ಒಮ್ಮೆ ಮೇಲೆದ್ದು ಅದು ಶಾಂತವಾದರೆ ಶಾಕ್ ಅಬ್ಸಾರ್ಬರ್ ಬಹುಮಟ್ಟಿಗೆ ಚೆನ್ನಾಗಿದೆ. ಮೂರು ನಾಲ್ಕು ಬಾರಿ ತೂಗಾಡಿದರೆ ಅದು ಸವೆದಿದೆ ಎಂದರ್ಥ. ಅಂಥ ಕಾರಿಗೆ ಬೇಕಾದದ್ದು ಹೊಸ ಎತ್ತರವಲ್ಲ, ಮೊದಲಿನಂಥದೇ ಹೊಸ ಶಾಕ್ ಅಬ್ಸಾರ್ಬರ್.