ಚಳಿಗಾಲದ ಗಾಳಿ-ಮಳೆ: ಅದರ ಬಲ ಅಳೆಯುವುದು ಹೇಗೆ?



ಸಂಘಕ್ಕೆ ನೀವು ತರುವ ಹಾಲನ್ನು ಬರೀ ಲೀಟರಿನಿಂದ ಅಳೆಯುವುದಿಲ್ಲ. ಜಿಡ್ಡಿನ ಅಂಶ ಎಷ್ಟು, ಜಿಡ್ಡೇತರ ಘನಾಂಶ ಎಷ್ಟು ಎಂದು ನೋಡಿದ ಮೇಲೆಯೇ ದರ ನಿರ್ಧಾರವಾಗುತ್ತದೆ. ಹತ್ತು ಲೀಟರ್ ತಂದವರಿಗಿಂತ ಎಂಟು ಲೀಟರ್ ತಂದವರಿಗೆ ಕೆಲವು ಸಲ ಹೆಚ್ಚು ಹಣ ಬರುವುದು ಇದೇ ಕಾರಣಕ್ಕೆ. ಚಳಿಗಾಲದಲ್ಲಿ ಬರುವ ಗಾಳಿ-ಮಳೆಯ ಲೆಕ್ಕವೂ ಹೀಗೆಯೇ. ಗಾಳಿಯ ವೇಗವೊಂದನ್ನೇ ಕೇಳಿ "ಇದು ದೊಡ್ಡದು, ಅದು ಸಣ್ಣದು" ಎಂದು ತೀರ್ಮಾನಿಸಿದರೆ ಮೋಸ ಹೋಗುತ್ತೇವೆ. ನಾನೇ ಒಮ್ಮೆ ಹೀಗೆ ಮೋಸ ಹೋದವನು.

ಕೆಲವು ವರ್ಷಗಳ ಹಿಂದೆ, ಅಥಣಿ ತಾಲೂಕಿನ ಒಂದು ಹಳ್ಳಿಯಲ್ಲಿ ಸಂಘದ ಸಭೆ ಮುಗಿಸಿ ಹೊರಡುವಾಗ ಸದಸ್ಯರು ಹವಾಮಾನದ ಬಗ್ಗೆ ಕೇಳಿದರು. ಸಮುದ್ರದಲ್ಲಿದ್ದ ವಾಯುಭಾರ ಕುಸಿತ ಚಂಡಮಾರುತವಾಗದೆ ದುರ್ಬಲಗೊಂಡಿದೆ ಎಂಬ ಸುದ್ದಿಯನ್ನು ಕೇಳಿದ್ದ ನಾನು, "ಏನೂ ಚಿಂತೆ ಇಲ್ಲ" ಎಂದು ಹೇಳಿ ಬಂದೆ. ಅಂದು ರಾತ್ರಿಯೆಲ್ಲ ಜಿಟಿಜಿಟಿ ಮಳೆ, ಜೊತೆಗೆ ಮೂಡಗಾಳಿ. ಬೆಳಿಗ್ಗೆ ಕರೆ ಬಂದು ಹೋದಾಗ ಒಂಬತ್ತು ದಿನದ ಮಿಶ್ರತಳಿ ಹೆಣ್ಣುಕರು ತೊಯ್ದು, ಸೆಟೆದು ಬಿದ್ದಿತ್ತು. ಎಷ್ಟು ಪ್ರಯತ್ನಿಸಿದರೂ ಉಳಿಯಲಿಲ್ಲ. ಆ ಮನೆಯ ತಾಯಿ ಸಿಟ್ಟು ಮಾಡಲಿಲ್ಲ. "ಗಾಳಿ ಬರೂದಿಲ್ಲ ಅಂದಿದ್ರಿ ಸಾಹೇಬ್ರ, ಖರೇನ. ಆದ್ರ ಮಳಿ ಬಂತಲ್ರಿ" ಎಂದಷ್ಟೇ ಅಂದರು. ಆ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ. ಈ ಲೇಖನ ಆ ಉತ್ತರವೆಂದು ತಿಳಿಯಿರಿ.

ಹವಾಮಾನ ಇಲಾಖೆಯ ದರ್ಜೆಗಳು

1875ರಲ್ಲಿ ಸ್ಥಾಪನೆಯಾದ ಭಾರತೀಯ ಹವಾಮಾನ ಇಲಾಖೆಯು ಸಮುದ್ರದಲ್ಲಿ ಹುಟ್ಟುವ ಗಾಳಿ-ಮಳೆಯನ್ನು ಗಾಳಿಯ ವೇಗದ ಮೇಲೆ ವಿಂಗಡಿಸುತ್ತದೆ. ಗಂಟೆಗೆ 31 ಕಿ.ಮೀ.ಗಿಂತ ಕಡಿಮೆ ಇದ್ದರೆ ಕಡಿಮೆ ಒತ್ತಡದ ಪ್ರದೇಶ. 31ರಿಂದ 49 ಕಿ.ಮೀ. ಇದ್ದರೆ ವಾಯುಭಾರ ಕುಸಿತ. 50ರಿಂದ 61 ಇದ್ದರೆ ತೀವ್ರ ವಾಯುಭಾರ ಕುಸಿತ. 62 ಮುಟ್ಟಿದ ಮೇಲೆ ಅದು ಚಂಡಮಾರುತ ಎನಿಸಿಕೊಂಡು ಅದಕ್ಕೊಂದು ಹೆಸರು ಬರುತ್ತದೆ. 89ರಿಂದ ತೀವ್ರ, 118ರಿಂದ ಅತಿ ತೀವ್ರ, ಹೀಗೆ ಏರುತ್ತಾ 222 ಕಿ.ಮೀ. ಮತ್ತು ಅದಕ್ಕೂ ಮೇಲಿನದು ಸೂಪರ್ ಚಂಡಮಾರುತ.

ಮಳೆಗೆ ಬೇರೆಯೇ ಅಳತೆಯಿದೆ. ಬೆಳಿಗ್ಗೆ 8-30ರಿಂದ ಮರುದಿನ ಬೆಳಿಗ್ಗೆ 8-30ರವರೆಗೆ ಬಿದ್ದ ಮಳೆಯನ್ನು ಲೆಕ್ಕ ಹಿಡಿಯುತ್ತಾರೆ. 2.5ರಿಂದ 15.5 ಮಿ.ಮೀ. ಹಗುರ ಮಳೆ, 15.6ರಿಂದ 64.4 ಸಾಧಾರಣ, 64.5ರಿಂದ 115.5 ಭಾರಿ, 115.6ರಿಂದ 204.4 ಅತಿ ಭಾರಿ, ಅದಕ್ಕೂ ಮೇಲೆ ಅತ್ಯಂತ ಭಾರಿ ಮಳೆ. ರೇಡಿಯೋ, ಟಿ.ವಿ.ಯಲ್ಲಿ ಹೇಳುವ ಹಳದಿ, ಕಿತ್ತಳೆ, ಕೆಂಪು ಬಣ್ಣಗಳು ಎಷ್ಟರ ಮಟ್ಟಿಗೆ ಎಚ್ಚರವಾಗಿರಬೇಕು ಎಂಬುದರ ಗುರುತುಗಳು.

ಈ ಎರಡು ಅಳತೆಗಳು ಜೊತೆಯಾಗಿ ಏರಿಳಿಯುವುದಿಲ್ಲ ಎಂಬುದನ್ನು ಮರೆಯಬಾರದು. 2024ರ ನವೆಂಬರ್ 30ರ ರಾತ್ರಿ ಪುದುಚೇರಿ ಬಳಿ ದಡ ಸೇರಿದ ಫೆಂಗಲ್ ಚಂಡಮಾರುತವನ್ನೇ ನೋಡಿ. ಅದರ ಗಾಳಿ ಇಳಿದು ದರ್ಜೆ ಕೆಳಗೆ ಬಂದ ಮೇಲೆ, ಸಮುದ್ರದಿಂದ ದೂರವಿರುವ ಕೃಷ್ಣಗಿರಿ ಜಿಲ್ಲೆಯ ಊತಂಗರೈನಲ್ಲಿ ಒಂದೇ ದಿನದಲ್ಲಿ ಸುಮಾರು 50 ಸೆಂ.ಮೀ. ಮಳೆ ಸುರಿಯಿತು. ಗಾಳಿಯ ಲೆಕ್ಕದಲ್ಲಿ ಸಣ್ಣದಾದದ್ದು ಮಳೆಯ ಲೆಕ್ಕದಲ್ಲಿ ದೊಡ್ಡದಾಯಿತು.

ಇನ್ನೊಂದು ಉದಾಹರಣೆ ನಮಗೆ ಹೆಚ್ಚು ಹತ್ತಿರದ್ದು. 2021ರ ಡಿಸೆಂಬರ್ ಮೊದಲ ಎರಡು ದಿನ ಪುಣೆ, ಅಹಮದನಗರ ಭಾಗದಲ್ಲಿ ಅಕಾಲಿಕ ಮಳೆ ಮತ್ತು ಚಳಿಗಾಳಿ ಒಟ್ಟಿಗೆ ಬಂದವು. ಆ ನೆಲದ ಮೇಲೆ ಆಗ ಹೆಸರಿಟ್ಟ ಯಾವ ಚಂಡಮಾರುತವೂ ಹಾಯ್ದಿರಲಿಲ್ಲ. ಆದರೂ ಬಯಲಿನಲ್ಲಿ ತಂಗಿದ್ದ ನೂರಾರು ಕುರಿ-ಮೇಕೆಗಳು ತೊಯ್ದು ಚಳಿಯಿಂದ ಸತ್ತವು. ಹೆಸರಿಲ್ಲದ ಮಳೆಯೂ ಕೊಲ್ಲುತ್ತದೆ.

ಊರಿಗೊಂದು ಅಳತೆ

ಅಮೆರಿಕ ದೇಶದಲ್ಲಿ ಚಳಿಗಾಲದ ಹಿಮಬಿರುಗಾಳಿಗಳಿಗೆ 1ರಿಂದ 5ರವರೆಗೆ ದರ್ಜೆ ಕೊಡುವ ಪದ್ಧತಿಯಿದೆ. ಅಲ್ಲಿ ಮೂರು ಸಂಗತಿ ನೋಡುತ್ತಾರೆ: ಎಷ್ಟು ಹಿಮ ಬಿತ್ತು, ಎಷ್ಟು ವಿಸ್ತಾರದ ಮೇಲೆ ಬಿತ್ತು, ಆ ಜಾಗದಲ್ಲಿ ಎಷ್ಟು ಜನ ವಾಸಿಸುತ್ತಾರೆ. ಅದಕ್ಕಿಂತ ಮುಖ್ಯವಾಗಿ, ದೇಶಕ್ಕೆಲ್ಲ ಒಂದೇ ಮಿತಿ ಇಡದೆ ಒಂದೊಂದು ಪ್ರದೇಶಕ್ಕೆ ಒಂದೊಂದು ಮಿತಿ ಇಟ್ಟಿದ್ದಾರೆ. ಉತ್ತರದವರಿಗೆ ದಿನನಿತ್ಯದ ಹಿಮವು ದಕ್ಷಿಣದ ಬೆಚ್ಚನೆಯ ಪ್ರಾಂತ್ಯದಲ್ಲಿ ಬಿದ್ದರೆ ಅಲ್ಲಿ ಜನಜೀವನವೇ ನಿಂತುಹೋಗುತ್ತದೆ.

ನಮ್ಮಲ್ಲಿ ಹಿಮವಿಲ್ಲ, ಆದರೆ ಮಾತು ನಮಗೂ ಸಲ್ಲುತ್ತದೆ. ಆಗುಂಬೆಯ ಕೊಟ್ಟಿಗೆ ಮಳೆಗಾಗಿಯೇ ಕಟ್ಟಿದ್ದು. ಅಥಣಿ, ರಾಯಬಾಗ, ಕಾಗವಾಡದ ದನದ ಮನೆ ಬಿಸಿಲಿನ ನೆರಳಿಗಾಗಿ ಕಟ್ಟಿದ್ದು. ಮೂರು ಕಡೆ ಗೋಡೆಯಿಲ್ಲ, ಮೇಲೆ ತಗಡು, ಕೆಳಗೆ ಮಣ್ಣು. ನವೆಂಬರ್-ಡಿಸೆಂಬರ್ ಎಂದರೆ ಜೋಳದ ಕಣಿಕೆ, ಕಬ್ಬಿನ ಸೋಗೆ ಬಯಲಿನಲ್ಲೇ ಬಿದ್ದಿರುವ ಕಾಲ. ಕಬ್ಬಿನ ಗಾಡಿಯ ಎತ್ತುಗಳು ಹೊಲದ ಬದುವಿನಲ್ಲೇ ಮಲಗುವ ಕಾಲ. ನಿಪ್ಪಾಣಿ ಭಾಗದ ತಂಬಾಕು, ಅಥಣಿ ಭಾಗದ ದ್ರಾಕ್ಷಿ ಬೆಳೆದವರು ಆಕಾಶ ನೋಡುತ್ತಲೇ ಇರುತ್ತಾರೆ. ದನ ಕಟ್ಟಿದವರೂ ನೋಡಬೇಕು. ಆಗುಂಬೆಯಲ್ಲಿ ಲೆಕ್ಕಕ್ಕಿಲ್ಲದ 20 ಮಿ.ಮೀ. ಮಳೆ ಇಲ್ಲಿ ಕರುವಿನ ಜೀವ ತೆಗೆಯಬಲ್ಲದು.

ತೊಯ್ದ ಮೈಯ ಲೆಕ್ಕ

ದನದ ಕೂದಲು ಒಣಗಿದ್ದಾಗ ಅದರ ನಡುವೆ ಗಾಳಿ ನಿಂತು ಕಂಬಳಿಯಂತೆ ಕೆಲಸ ಮಾಡುತ್ತದೆ. ತೊಯ್ದರೆ ಆ ಕಂಬಳಿ ಹೋಯಿತು. ಮೈಮೇಲಿನ ಒಂದು ಲೀಟರ್ ನೀರು ಆರಲು ಸುಮಾರು 580 ಕಿಲೋಕ್ಯಾಲರಿ ಶಾಖ ಬೇಕು. ಒಂದು ಲೀಟರ್ ಆಕಳ ಹಾಲಿನಲ್ಲಿರುವ ಶಕ್ತಿಯೂ ಹೆಚ್ಚುಕಡಿಮೆ ಅಷ್ಟೇ. ಆ ಶಾಖದ ದೊಡ್ಡ ಪಾಲು ದನದ ಮೈಯಿಂದಲೇ ಹೋಗುತ್ತದೆ. ಮರುದಿನ ಹಾಲು ಏಕೆ ಕಡಿಮೆಯಾಯಿತು ಎಂಬುದಕ್ಕೆ ಉತ್ತರ ಇಲ್ಲಿದೆ.

ಒಣಮೈಯ ದೊಡ್ಡ ಆಕಳಿಗೆ ನಮ್ಮ ಚಳಿ ದೊಡ್ಡದಲ್ಲ. ಆದರೆ ಮೈ ತೊಯ್ದರೆ ಸುಮಾರು 15 ಡಿಗ್ರಿ ಸೆಲ್ಸಿಯಸ್‌ನಲ್ಲಿಯೇ ಚಳಿಯ ಕಷ್ಟ ಶುರುವಾಗುತ್ತದೆ. ಮೂರು ವಾರದೊಳಗಿನ ಕರುವಿಗೆ ಮೈ ಒಣಗಿದ್ದರೂ 15 ಡಿಗ್ರಿಯೇ ಕೆಳಮಿತಿ. ಡಿಸೆಂಬರ್, ಜನವರಿಯ ಬೆಳಗಿನ ಜಾವ ಉಷ್ಣಾಂಶ ಇದಕ್ಕಿಂತ ಕೆಳಗಿಳಿಯುವುದು ನಮ್ಮಲ್ಲಿ ಸಾಮಾನ್ಯ. ಮೋಡವಿದ್ದ ದಿನ ರಾತ್ರಿಯ ಉಷ್ಣಾಂಶ ಅಷ್ಟು ಇಳಿಯದಿದ್ದರೂ, ಹಗಲು ಬಿಸಿಲು ಬೀಳದೆ ತೊಯ್ದ ಮೈ ಆರುವುದೇ ಇಲ್ಲ.

ಕೊಟ್ಟಿಗೆಯ ದರ್ಜೆ ಪಟ್ಟಿ

ಇದು ಹವಾಮಾನ ಇಲಾಖೆಯ ಪಟ್ಟಿಯಲ್ಲ. ಅನುಭವದ ಮೇಲೆ ನಾನು ಸದಸ್ಯರಿಗೆ ಹೇಳಿಕೊಡುವ ಲೆಕ್ಕ.

1. ಮಳೆ: ಹನಿ ಮಾತ್ರ ಬಿದ್ದರೆ 0. ಹಗುರ ಮಳೆಗೆ 1. ಸಾಧಾರಣ ಮಳೆಗೆ 2. ಭಾರಿ ಮತ್ತು ಅದಕ್ಕೆ ಮೇಲಿನದಕ್ಕೆ 3.

2. ಗಾಳಿ: ಎಲೆ ಮಾತ್ರ ಅಲುಗಿದರೆ 0. ಸಣ್ಣ ಟೊಂಗೆ ಅಲುಗಿದರೆ 1. ದೊಡ್ಡ ಟೊಂಗೆ ತೂಗಿ ಛತ್ರಿ ಹಿಡಿಯುವುದು ಕಷ್ಟವಾದರೆ 2. ಮರದ ರೆಂಬೆ ಮುರಿದು ಬೀಳತೊಡಗಿದರೆ 3.

3. ಚಳಿ: 20 ಡಿಗ್ರಿಗೆ ಮೇಲಿದ್ದರೆ 0. 15ರಿಂದ 20 ಇದ್ದರೆ 1. 10ರಿಂದ 15 ಇದ್ದರೆ 2. 10ಕ್ಕಿಂತ ಕಡಿಮೆಗೆ 3.

4. ಅವಧಿ: ಇಡೀ ರಾತ್ರಿ ಹಿಡಿದರೆ 1 ಕೂಡಿಸಿ. ಮರುದಿನವೂ ಬಿಡದಿದ್ದರೆ 2 ಕೂಡಿಸಿ.

5. ಕೊಟ್ಟಿಗೆಯಲ್ಲಿ ತಿಂಗಳೊಳಗಿನ ಕರು, ಹೊಸದಾಗಿ ಈದ ಅಥವಾ ಕಾಯಿಲೆಯ ದನ ಇದ್ದರೆ 2 ಕೂಡಿಸಿ.

ಮೊತ್ತ 3ರವರೆಗೆ ಬಂದರೆ ಎಚ್ಚರವಿದ್ದರೆ ಸಾಕು. 4ರಿಂದ 6 ಬಂದರೆ ಮೇವು ಮುಚ್ಚಿ, ಪರದೆ ಕಟ್ಟಿ. 7 ಮತ್ತು ಮೇಲೆ ಬಂದರೆ ರಾತ್ರಿ ಎದ್ದು ದನ ನೋಡಬೇಕಾದ ಮಳೆ. ಮೊದಲ ಮೂರರಲ್ಲಿ ಯಾವುದೊಂದು 3 ಮುಟ್ಟಿದರೂ ಮೊತ್ತ ನೋಡುತ್ತ ಕೂಡಬೇಡಿ, ಅದಕ್ಕೆ ತಕ್ಕ ವ್ಯವಸ್ಥೆ ಮಾಡಿ.

ಗಾಳಿಯನ್ನು ಮರ ನೋಡಿ ಅಳೆಯುವುದು ಹೊಸದಲ್ಲ. ಬ್ರಿಟಿಷ್ ನೌಕಾಪಡೆಯ ಅಧಿಕಾರಿ ಫ್ರಾನ್ಸಿಸ್ ಬ್ಯೂಫೋರ್ಟ್ 1805ರಲ್ಲಿ ಹಡಗಿಗಾಗಿ ಮಾಡಿದ 0ಯಿಂದ 12ರ ಪಟ್ಟಿಯನ್ನು ನಂತರ ನೆಲಕ್ಕೂ ಹೊಂದಿಸಿದರು. ಅದರ ಪ್ರಕಾರ ದೊಡ್ಡ ಟೊಂಗೆ ತೂಗಿದರೆ ಗಂಟೆಗೆ 39ರಿಂದ 49 ಕಿ.ಮೀ., ರೆಂಬೆ ಮುರಿದರೆ 62ರಿಂದ 74 ಕಿ.ಮೀ. ಗಾಳಿ. ವೇಗ ಎರಡು ಪಟ್ಟಾದರೆ ತಗಡಿನ ಮೇಲಿನ ಒತ್ತಡ ನಾಲ್ಕು ಪಟ್ಟಾಗುತ್ತದೆ ಎಂಬುದು ನೆನಪಿರಲಿ.

ಮಳೆ ಅಳೆಯಲು ಬಾಯಿಂದ ತಳದವರೆಗೆ ಒಂದೇ ಅಗಲದ ನೇರ ಡಬ್ಬಿ ಸಾಕು. ಬಯಲಿನಲ್ಲಿಟ್ಟು ಬೆಳಿಗ್ಗೆ ಪಟ್ಟಿಯಿಂದ ನೀರಿನ ಆಳ ನೋಡಿ. ಒಂದು ಮಿ.ಮೀ. ಎಂದರೆ ಒಂದು ಚದರ ಮೀಟರಿಗೆ ಒಂದು ಲೀಟರ್. 20 ಅಡಿಗೆ 15 ಅಡಿಯ ತಗಡಿನ ಮೇಲೆ 65 ಮಿ.ಮೀ. ಮಳೆ ಬಿದ್ದರೆ ಸುಮಾರು 1,800 ಲೀಟರ್ ನೀರು ಇಳಿಯುತ್ತದೆ. ಅದು ಗೋದಲಿಯ ಕಡೆಗೆ ಹರಿಯುತ್ತದೆಯೋ, ಹೊರಗೆ ಹರಿಯುತ್ತದೆಯೋ ಈಗಲೇ ನೋಡಿಕೊಳ್ಳಿ.

ಈಗ ಆ ರಾತ್ರಿಯ ಲೆಕ್ಕ ಹಾಕೋಣ. ಮಳೆ 20 ಮಿ.ಮೀ. ಆಸುಪಾಸು, ಅದಕ್ಕೆ 2. ಸಣ್ಣ ಟೊಂಗೆ ಅಲುಗುವ ಗಾಳಿ, 1. ಉಷ್ಣಾಂಶ 16ರ ಸುಮಾರು, 1. ಇಡೀ ರಾತ್ರಿ, 1. ಒಂಬತ್ತು ದಿನದ ಕರು, 2. ಒಟ್ಟು 7. ನಾನು ನೋಡಿದ್ದು ಗಾಳಿಯ 1 ಮಾತ್ರ.

ದರ್ಜೆ ತಿಳಿದ ಮೇಲೆ ಮಾಡಬೇಕಾದ್ದು

ಗಾಳಿ ಬರುವ ದಿಕ್ಕಿಗೆ ಗೋಣಿಚೀಲ ಅಥವಾ ತಾಡಪತ್ರಿಯ ಪರದೆ ಕಟ್ಟಿ. ಉಸಿರಾಟಕ್ಕೆ ಮೇಲ್ಗಡೆ ಒಂದಡಿ ಬಿಡಿ. ನಾಲ್ಕೂ ಕಡೆ ಬಿಗಿಯಾಗಿ ಮುಚ್ಚಿದರೆ ಗಂಜಳದ ಗಾಳಿ ತುಂಬಿ ಶ್ವಾಸಕೋಶದ ಕಾಯಿಲೆಗೆ ದಾರಿಯಾಗುತ್ತದೆ.

ನೆಲಕ್ಕೆ ಒಣ ರವದಿ ಹಾಸಿ, ತೊಯ್ದದ್ದನ್ನು ದಿನವೂ ತೆಗೆಯಿರಿ. ಹಸಿ ನೆಲದಲ್ಲಿ ಮಲಗಿದ ಆಕಳಿಗೆ ಕೆಚ್ಚಲು ಬಾವಿನ ಭಯವಿರುತ್ತದೆ. ಹಾಲು ಹಿಂಡಿದ ಮೇಲೆ ಅರ್ಧ ಗಂಟೆ ಮಲಗದಂತೆ ಮೇವು ಹಾಕಿ ನಿಲ್ಲಿಸಿ.

ಚಳಿಯಿದ್ದಾಗ ಒಣಮೇವು ಹೆಚ್ಚಿಸಿ. ಮೇವು ಹೊಟ್ಟೆಯಲ್ಲಿ ಹುದುಗುವಾಗ ಹುಟ್ಟುವ ಶಾಖವೇ ದನಕ್ಕೆ ಒಳಗಿನ ಒಲೆ. ಆದರೆ ತೊಯ್ದು ಬೂಷ್ಟು ಹಿಡಿದ ಕಣಿಕೆ ಹಾಕಲೇಬೇಡಿ. ಅದರ ವಿಷ ಹಾಲಿಗೂ ಇಳಿಯುತ್ತದೆ.

ಕರು ತೊಯ್ದಿದ್ದರೆ ಮೊದಲು ಒಣ ಬಟ್ಟೆಯಿಂದ ಗಟ್ಟಿಯಾಗಿ ಒರೆಸಿ, ಗೋಣಿಚೀಲ ಹೊದಿಸಿ, ಬೆಚ್ಚಗಿಡಿ. ಮೈಶಾಖ 100 ಡಿಗ್ರಿ ಫ್ಯಾರನ್‌ಹೀಟ್‌ಗಿಂತ ಕಡಿಮೆ ಇದ್ದರೆ ತಡಮಾಡದೆ ಪಶುವೈದ್ಯರನ್ನು ಕರೆಯಿರಿ. ಚೀಪುವ ಶಕ್ತಿಯಿಲ್ಲದ ಕರುವಿನ ಬಾಯಿಗೆ ಹಾಲು ಸುರಿಯಬೇಡಿ, ಅದು ಶ್ವಾಸಕೋಶಕ್ಕೆ ಹೋಗುತ್ತದೆ. ಹೊಸದಾಗಿ ಹುಟ್ಟಿದ ಕರುವಿಗೆ ಎರಡು ಗಂಟೆಯೊಳಗೆ ಗಿಣ್ಣದ ಹಾಲು ಕುಡಿಸಿರಿ.

ಗುಡುಗು-ಸಿಡಿಲಿದ್ದಾಗ ದನವನ್ನು ಮರದ ಕೆಳಗೆ ಕಟ್ಟಬೇಡಿ. ಸಡಿಲವಾದ ತಗಡನ್ನು ಗಾಳಿ ಬರುವ ಮೊದಲೇ ತಂತಿಯಿಂದ ಬಿಗಿಯಿರಿ. ಹೊಲದಲ್ಲಿ ಕಬ್ಬಿನ ಗಾಡಿಯವರು ಇಳಿದುಕೊಂಡಿದ್ದರೆ ಅವರಿಗೂ ಒಂದು ಮಾತು ತಿಳಿಸಿ, ಎತ್ತುಗಳಿಗೆ ಒಂದು ರಾತ್ರಿಯ ಆಸರೆ ಕೊಡಿ.

ಪ್ರತಿ ಸಂಘದಲ್ಲಿ ಒಂದು ಡಬ್ಬಿ ಮತ್ತು ಒಂದು ಉಷ್ಣಮಾಪಕ ಇಟ್ಟು, ಹಾಲಿನ ಲೆಕ್ಕದ ಪಕ್ಕದಲ್ಲೇ ಮಳೆ-ಚಳಿಯ ಲೆಕ್ಕವನ್ನೂ ಕಾರ್ಯದರ್ಶಿಗಳು ಬರೆದಿಟ್ಟರೆ, ಎರಡು ಚಳಿಗಾಲ ಕಳೆಯುವಷ್ಟರಲ್ಲಿ ನಮ್ಮೂರಿಗೆ ಯಾವ ಮಳೆ ದೊಡ್ಡದು ಎಂಬುದು ನಮ್ಮ ಪುಸ್ತಕದಲ್ಲೇ ಸಿಗುತ್ತದೆ. ಮುಂದಿನ ಸಲ ಸದಸ್ಯರು ಕೇಳಿದಾಗ, "ಗಾಳಿ ಎಷ್ಟು?" ಎಂಬುದರ ಜೊತೆಗೆ "ನಿಮ್ಮ ಕೊಟ್ಟಿಗೆಯಲ್ಲಿ ಕರು ಇದೆಯೇ?" ಎಂದು ನಾನೂ ಕೇಳುತ್ತೇನೆ.

— ಪಶುವೈದ್ಯಾಧಿಕಾರಿ (ವಿಸ್ತರಣೆ)